ಮೇಷ್ಟ್ರ ಕೆಂಪು ಚುಕ್ಕೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ ನಾನು ಮೊದಲು ಹಿಂಜರಿದೆ. ಬರವಣಿಗೆ ನನ್ನ ಕಸುಬಲ್ಲ. ಬೊಮ್ಮಸಂದ್ರದ ಕಡೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ಗಣಕಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾವುದು ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ಹುಡುಕುವುದರಲ್ಲೇ ನನ್ನ ದಿನಗಳು ಕಳೆಯುತ್ತವೆ. ಶಾಲೆಯ ನೆನಪುಗಳನ್ನು ಸೊಗಸಾಗಿ ಬರೆಯಬಲ್ಲವರು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿದ್ದಾರೆ. ಆದರೂ ಇಲ್ಲಿ ಕಲಿತ ಪಾಠವೊಂದು ಸುಮಾರು ಇಪ್ಪತ್ತೈದು ವರ್ಷಗಳ ನಂತರ ಒಂದು ರಾತ್ರಿ ನನ್ನ ಕೈಹಿಡಿದ ಬಗೆಯನ್ನು ಹೇಳಿಕೊಳ್ಳಲು ಇದಕ್ಕಿಂತ ತಕ್ಕ ಸ್ಥಳ ಮತ್ತೊಂದಿಲ್ಲವೆನಿಸಿ ಒಪ್ಪಿಕೊಂಡೆ.

ಏಳನೆಯ ತರಗತಿಯಲ್ಲಿ ನಮಗೆ ಗಣಿತ ಹೇಳುತ್ತಿದ್ದ ಮೇಷ್ಟ್ರು ಲೆಕ್ಕ ತಪ್ಪಾದರೆ ಇಡೀ ಪುಟಕ್ಕೆ ಅಡ್ಡಗೀಟು ಎಳೆಯುತ್ತಿರಲಿಲ್ಲ. ಕೆಂಪು ಶಾಯಿಯ ಲೇಖನಿ ಹಿಡಿದು ಮೊದಲ ಸಾಲಿನಿಂದ ಓದುತ್ತ ಬಂದು, ಎಲ್ಲಿ ಮೊದಲು ತಪ್ಪಿತೋ ಆ ಸಾಲಿನ ಪಕ್ಕದಲ್ಲಿ ಒಂದು ಸಣ್ಣ ಚುಕ್ಕೆ ಇಡುತ್ತಿದ್ದರು. ಅದರ ಕೆಳಗಿನದನ್ನು ಓದುತ್ತಲೇ ಇರಲಿಲ್ಲ. ನನ್ನದೋ ಆತುರದ ಸ್ವಭಾವ. ಉತ್ತರ ತಾಳೆಯಾಗದಿದ್ದರೆ ಎಲ್ಲವನ್ನೂ ಅಳಿಸಿ, ನಾಲ್ಕು ಕಡೆ ಅಂಕಿ ಬದಲಾಯಿಸಿ, ಹೇಗಾದರೂ ಉತ್ತರ ಬರಲೆಂದು ಹೆಣಗುತ್ತಿದ್ದೆ. ಒಂದು ದಿನ ಅವರು ನನ್ನ ಕೈಯಲ್ಲಿದ್ದ ರಬ್ಬರನ್ನು ತೆಗೆದು ಮೇಜಿನ ಮೇಲಿಟ್ಟು, “ಚುಕ್ಕೆಯ ಮೇಲಿರುವುದು ಸರಿಯಾಗಿದೆ, ಅದನ್ನೇಕೆ ಕೆಡಿಸುತ್ತೀಯ? ತಪ್ಪು ಉತ್ತರದಲ್ಲಿಲ್ಲ ಮಗು, ಯಾವುದೋ ಒಂದು ಸಾಲಿನಲ್ಲಿದೆ. ಆ ಸಾಲು ಹುಡುಕು” ಎಂದರು. ಆ ಮಾತಿನ ಬೆಲೆ ಅಂದು ನನಗೆ ತಿಳಿಯಲಿಲ್ಲ. ರಬ್ಬರು ಹೋಯಿತಲ್ಲ ಎಂಬ ದುಃಖವೇ ದೊಡ್ಡದಾಗಿತ್ತು.

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಉದ್ದನಪಲ್ಲಿಯ ಸೀಮೆಯನ್ನು ಬಲ್ಲವರಿಗೆ ಇಲ್ಲಿನ ಮಾತಿನ ರೀತಿ ಹೊಸದಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ತಮಿಳು. 1956ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಗಡಿಗೆರೆ ಅತ್ತಿಬೆಲೆಯ ಬಳಿ ನಿಂತಿತು. ನಾವು ಈಚೆಗೆ ಉಳಿದೆವು. ಮೂರೂ ಮಾತುಗಳ ಎಳೆಗಳು ಕೂಡಿಕೊಂಡ ನಮ್ಮ ಆಡುಗನ್ನಡವನ್ನು ಕೇಳಿ ಬೆಂಗಳೂರಿನ ಸಹೋದ್ಯೋಗಿಗಳು ಒಮ್ಮೊಮ್ಮೆ ನಕ್ಕದ್ದುಂಟು. ಇತ್ತ ಊರಿನಲ್ಲಿ, ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಪ್ರತಿಯೊಬ್ಬ ತಂದೆತಾಯಿಗೂ ಕೇಳಿಬರುವ ಪ್ರಶ್ನೆ ಒಂದೇ: “ಇದನ್ನು ಕಲಿತು ಮುಂದೆ ಏನು ಪ್ರಯೋಜನ?” ತಮಿಳುನಾಡಿನಲ್ಲಿ 2006ರ ಕಾಯಿದೆಯಂತೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾದ ಮೇಲೆ ಈ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ನನ್ನ ತಂದೆಯವರನ್ನೂ ಇದನ್ನೇ ಕೇಳಿದ್ದರು. ಅವರು ಉತ್ತರ ಕೊಡದೆ ನಕ್ಕು ಸುಮ್ಮನಾಗುತ್ತಿದ್ದರು. ನಾನು ಕೂಡ ಬಹುಕಾಲ ಸುಮ್ಮನೆಯೇ ಇದ್ದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಚೇರಿಯ ಲೆಕ್ಕಪತ್ರಗಳೆಲ್ಲ ‘ಸರ್ವರ್’ ಎಂಬ ದೊಡ್ಡ ಗಣಕದಲ್ಲಿರುತ್ತವೆ. ಅದರ ಮುಂದೆ ಹೋಗಿ ಕುಳಿತುಕೊಳ್ಳದೆ, ದೂರದಲ್ಲಿರುವ ನಮ್ಮ ಗಣಕದಿಂದಲೇ ಅದನ್ನು ನಡೆಸುವ ಏರ್ಪಾಡಿಗೆ ‘ರಿಮೋಟ್ ಡೆಸ್ಕ್‌ಟಾಪ್’ ಎಂದು ಹೆಸರು. ಅಲ್ಲಿನ ಪರದೆಯ ಚಿತ್ರ ಮಾತ್ರ ಇಲ್ಲಿಗೆ ಬರುತ್ತದೆ. ನಾವು ಒತ್ತಿದ ಕೀಲಿಗಳು, ಮೌಸ್‌ನ ಚಲನೆ ಮಾತ್ರ ಅಲ್ಲಿಗೆ ಹೋಗುತ್ತವೆ. ಕಡತಗಳು ಇದ್ದಲ್ಲೇ ಇರುತ್ತವೆ. ಆದ್ದರಿಂದಲೇ ಹಳ್ಳಿಯ ಬಡಕಲು ಇಂಟರ್‌ನೆಟ್‌ನಲ್ಲೂ ಇದು ಹೇಗೋ ನಡೆದುಕೊಂಡು ಹೋಗುತ್ತದೆ. ಮೈಕ್ರೋಸಾಫ್ಟ್ ಕಂಪನಿಯು 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಇದನ್ನು ತಂದಿತು. 2001ರ ವಿಂಡೋಸ್ ಎಕ್ಸ್‌ಪಿಯ ವೃತ್ತಿಪರ ಆವೃತ್ತಿಯ ಮೂಲಕ ಇದು ಸಾಮಾನ್ಯ ಕಚೇರಿಗಳ ಮೇಜನ್ನೂ ತಲುಪಿತು. ಗಣಕಕ್ಕೆ ಸಾವಿರಾರು ಬಾಗಿಲುಗಳಿದ್ದು ಒಂದೊಂದಕ್ಕೂ ಒಂದು ಸಂಖ್ಯೆಯಿದೆ. ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಿನ ಸಂಖ್ಯೆ 3389.

2020ರ ಮಾರ್ಚ್ 24ರ ರಾತ್ರಿ ಇಡೀ ದೇಶಕ್ಕೆ ಬೀಗಮುದ್ರೆಯಾದಾಗ ನಾನು ಊರಿನಲ್ಲಿದ್ದೆ. ಬಸ್ಸು ನಿಂತಿತು, ಗಡಿ ಮುಚ್ಚಿತು. ಎರಡು ಗಂಟೆಯ ಬಸ್ಸಿನ ದಾರಿಯಾಗಿದ್ದ ನನ್ನ ಕಚೇರಿ ಒಮ್ಮೆಲೇ ಪರದೇಶವಾಯಿತು. ಹೊಸೂರಿನ ಗುಲಾಬಿ ಕೊಳ್ಳುವವರಿಲ್ಲದೆ ತೋಟದಲ್ಲೇ ಬಾಡುತ್ತಿದ್ದ ದಿನಗಳವು. ಮನೆಯ ಪಡಸಾಲೆಯಲ್ಲಿ ಒಂದು ಮೇಜು ಹಾಕಿಕೊಂಡು, ಮೊಬೈಲ್ ಫೋನಿನ ಇಂಟರ್‌ನೆಟ್ ಜೋಡಿಸಿಕೊಂಡು, 3389ನೆಯ ಬಾಗಿಲಿನ ಮೂಲಕ ನಾನು ದಿನವೂ ಗಡಿ ದಾಟುತ್ತಿದ್ದೆ.

ಏಪ್ರಿಲ್ ಕೊನೆಯ ವಾರದ ಒಂದು ಸಂಜೆ. ಕಾರ್ಖಾನೆ ನಿಂತು ತಿಂಗಳಾಗಿದ್ದರೂ ಕೆಲಸಗಾರರಿಗೆ ಸಂಬಳ ಕೊಡುವುದೆಂದು ಆಡಳಿತದವರು ತೀರ್ಮಾನಿಸಿದ್ದರು. ಎಂಬತ್ತು ಚಿಲ್ಲರೆ ಜನ, ಅವರಲ್ಲಿ ಬಹುಮಂದಿ ದೂರದ ಜಿಲ್ಲೆಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಹಾಕಿಕೊಂಡವರು. ಮರುದಿನ ಬೆಳಿಗ್ಗೆ ಸಂಬಳದ ಪಟ್ಟಿ ಬ್ಯಾಂಕಿಗೆ ಹೋಗಬೇಕು. ಅದರಾಚೆ ಮೇ ದಿನದ ರಜೆ. ಆ ಸಂಜೆಯೇ ಅಲ್ಲಿ ಮಳೆಗಾಳಿ ಎದ್ದು ವಿದ್ಯುತ್ ಹೋಯಿತು. ಯುಪಿಎಸ್‌ನ ಬ್ಯಾಟರಿಯೂ ಬರಿದಾಗಿ ಯಂತ್ರಗಳೆಲ್ಲ ಆರಿದವು; ವಿದ್ಯುತ್ ಮರಳಿದಾಗ ತಾವಾಗಿಯೇ ಎದ್ದುಕೊಂಡವು. ಏಳೂವರೆಗೆ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, “ಸಂಬಳದ ಸರ್ವರ್ ತೆರೆಯುತ್ತಿಲ್ಲ ಸರ್” ಎಂದರು.

ನಾನೂ ಪ್ರಯತ್ನಿಸಿದೆ. ಪರದೆಯ ಮೇಲೆ ಸಂಪರ್ಕ ಸಾಧ್ಯವಿಲ್ಲವೆಂಬ ಒಕ್ಕಣೆ ಬಂದಿತು. ಕಾರಣಗಳು ಮೂರಿರಬಹುದೆಂದು ಅದು ಹೇಳುತ್ತಿತ್ತು: ಆ ಯಂತ್ರದಲ್ಲಿ ದೂರಸಂಪರ್ಕಕ್ಕೆ ಅನುಮತಿಯಿಲ್ಲದಿರಬಹುದು, ಯಂತ್ರ ಆರಿರಬಹುದು, ಅಥವಾ ಅದು ಜಾಲದಲ್ಲಿ ಸಿಗುತ್ತಿಲ್ಲದಿರಬಹುದು. ಜ್ವರವೆಂದು ಹೋದವನಿಗೆ ನೂರು ರೋಗಗಳ ಹೆಸರು ಹೇಳಿದಂತೆ!

ಮುಂದಿನ ಎರಡು ಗಂಟೆ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ಗಣಕವನ್ನು ಮೂರು ಸಲ ಆರಿಸಿ ಹಚ್ಚಿದೆ. ಸಿಗ್ನಲ್ ಸಾಲದೆಂದು ತಾರಸಿ ಹತ್ತಿದೆ. ಕಚೇರಿಯ ಜಾಲಕ್ಕೆ ಗುಟ್ಟಾದ ಸುರಂಗ ತೋಡಿಕೊಡುವ ವಿಪಿಎನ್ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ. ಸಹೋದ್ಯೋಗಿಗೆ ಹಳೆಯ ಪಾಸ್‌ವರ್ಡ್, ಹೊಸ ಪಾಸ್‌ವರ್ಡ್ ಎಂದು ವಿಪಿಎನ್‌ನಲ್ಲಿ ಒಂದಾದಮೇಲೊಂದು ಪ್ರಯತ್ನಿಸಲು ಹೇಳಿದೆ. ಅಷ್ಟು ಸಲ ತಪ್ಪಿದ್ದರಿಂದ ಅವರ ಖಾತೆಗೇ ಬೀಗ ಬಿತ್ತು. ಒಂದು ಸಮಸ್ಯೆ ಇದ್ದ ಕಡೆ ಎರಡಾದವು. ಮ್ಯಾನೇಜರರು ಫೋನಿನಲ್ಲಿ, “ಕಾವಲುಗಾರರಿಗೆ ಹೇಳಿ ಸ್ವಿಚ್ ಆರಿಸಿ ಹಾಕಿಸಿಬಿಡಿ” ಎಂದರು. ನಾನು ಅದಕ್ಕೆ ಮಾತ್ರ ಒಪ್ಪಲಿಲ್ಲ. ಲೆಕ್ಕದ ಪುಸ್ತಕ ತೆರೆದಿರುವಾಗಲೇ ಮತ್ತೆ ಕರೆಂಟು ಕಿತ್ತರೆ ಪುಟಗಳೇ ಹರಿದುಹೋಗುವ ಅಪಾಯವಿತ್ತು.

ಒಂಬತ್ತೂವರೆಯ ಹೊತ್ತಿಗೆ ಸೋತು, ಊಟವೂ ಬೇಡವೆನಿಸಿ ಕುಳಿತಿದ್ದೆ. ಪಕ್ಕದಲ್ಲಿ ನನ್ನ ಮಗಳು ಮನೆಲೆಕ್ಕ ಮಾಡುತ್ತ ಏನನ್ನೋ ಜೋರಾಗಿ ಅಳಿಸುತ್ತಿದ್ದಳು. “ಎಲ್ಲವನ್ನೂ ಏಕೆ ಅಳಿಸುತ್ತೀಯ?” ಎಂದು ಗದರಿದೆ. ಗದರಿದ ಮರುಕ್ಷಣವೇ ಅದು ಯಾರ ಮಾತೆಂದು ನೆನಪಾಯಿತು. ನಾನು ಎರಡು ಗಂಟೆಯಿಂದ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ? ಅವಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು, ನನ್ನ ಮೇಜಿನಿಂದ ಆ ಸರ್ವರ್‌ವರೆಗಿನ ದಾರಿಯನ್ನು ಲೆಕ್ಕದ ಸಾಲುಗಳಂತೆ ಒಂದರ ಕೆಳಗೊಂದು ಬರೆದೆ.

ಮೊದಲ ಸಾಲು, ನಮ್ಮ ಮನೆಯ ಇಂಟರ್‌ನೆಟ್. ಸುದ್ದಿಯ ಪುಟವೊಂದು ತೆರೆಯಿತು, ಸರಿ. ಎರಡನೆಯದು, ಸುರಂಗ. ಕಚೇರಿಯ ಹೆಬ್ಬಾಗಿಲಿನಲ್ಲಿರುವ ರೂಟರ್ ಮರುದನಿ ಕೊಟ್ಟಿತು, ಸರಿ. ಮೂರನೆಯದು, ಹೆಸರು. ನಾವು ಸರ್ವರನ್ನು ಹೆಸರಿನಿಂದ ಕರೆಯುತ್ತೇವೆ, ಯಂತ್ರಗಳು ಅದನ್ನು ಸಂಖ್ಯೆಯ ವಿಳಾಸಕ್ಕೆ ಬದಲಾಯಿಸಿಕೊಳ್ಳುತ್ತವೆ. ಎಷ್ಟೋ ವೇಳೆ ಹಳೆಯ ವಿಳಾಸವೇ ನೆನಪಿನಲ್ಲಿ ಉಳಿದು ದಾರಿ ತಪ್ಪುವುದುಂಟು. ನನ್ನ ಟಿಪ್ಪಣಿ ಪುಸ್ತಕದೊಂದಿಗೆ ತಾಳೆ ನೋಡಿದೆ, ಸರಿ. ನಾಲ್ಕನೆಯದು, ಯಂತ್ರಕ್ಕೆ ಜೀವವಿದೆಯೇ ಎಂಬುದು. ಸಂಬಳದ ಸರ್ವರನ್ನು ಕೂಗಿದೆ, ಉತ್ತರವಿಲ್ಲ. ಅದೇ ಕೋಣೆಯಲ್ಲಿ, ಯಾರು ಕಚೇರಿಯವರು, ಯಾರು ಹೊರಗಿನವರು ಎಂಬ ಲೆಕ್ಕ ಇಡುವ ಇನ್ನೊಂದು ಸರ್ವರ್ ಇತ್ತು. ಅದನ್ನು ಕೂಗಿದೆ, ತಟ್ಟನೆ ಓಗೊಟ್ಟಿತು. ರಿಮೋಟ್ ಡೆಸ್ಕ್‌ಟಾಪ್‌ನಿಂದ ಅದರೊಳಕ್ಕೆ ಹೋದೆ; ಒಂದೇ ಸಲಕ್ಕೆ ತೆರೆಯಿತು.

ನಾನು ತಾರಸಿ ಹತ್ತಿದ್ದು, ಗಣಕ ಆರಿಸಿದ್ದು, ವಿಪಿಎನ್ ಕಿತ್ತುಹಾಕಿದ್ದು ಎಲ್ಲವೂ ವ್ಯರ್ಥವೆಂಬುದು ಆಗ ಸ್ಪಷ್ಟವಾಯಿತು. ಅವೆಲ್ಲ ಚುಕ್ಕೆಯ ಮೇಲಿನ ಸಾಲುಗಳು. ಎರಡನೆಯ ಯಂತ್ರದೊಳಗೆ ನಿಂತು, ಪಕ್ಕದ ಕೋಣೆಯಿಂದ ಬಾಗಿಲು ತಟ್ಟುವಂತೆ ಸಂಬಳದ ಸರ್ವರನ್ನು ತಟ್ಟಿದೆ. ಅಲ್ಲಿಂದಲೂ ಮೌನ. ಆದರೆ ಮೌನಕ್ಕೂ ಅರ್ಥವಿದೆ. ಒಳಗೆ ಆ ಬಾಗಿಲಿನ ಕೆಲಸದವರೇ ಇಲ್ಲದಿದ್ದರೆ ಯಂತ್ರವು “ಇಲ್ಲ” ಎಂದು ಕೂಡಲೇ ಹೇಳಿ ಕಳುಹಿಸುತ್ತದೆ. ಏನೂ ಹೇಳದೆ ಕಾಯಿಸಿದರೆ, ಒಂದೋ ಯಂತ್ರ ಆರಿದೆ, ಇಲ್ಲವೇ ಒಳಗೆ ಕಾವಲಿರುವ ‘ಫೈರ್‌ವಾಲ್’ ಬಂದವರನ್ನು ಕಂಡೂ ಕಾಣದಂತಿದೆ. ಜಾಲದಲ್ಲಿ ನೆರೆಹೊರೆಯ ಯಂತ್ರಗಳು ಪರಸ್ಪರ ಗುರುತಿಟ್ಟುಕೊಳ್ಳುವ ಪಟ್ಟಿಯೊಂದಿರುತ್ತದೆ. ಅದನ್ನು ತೆರೆದು ನೋಡಿದರೆ ಸಂಬಳದ ಸರ್ವರ್‌ನ ಗುರುತು ಆಗತಾನೇ ಬರೆದದ್ದು ಇತ್ತು. ಅಂದರೆ ಅದು ಬದುಕಿದೆ, ಎಚ್ಚರವಾಗಿದೆ. ಬಾಗಿಲು ಮಾತ್ರ ತೆರೆಯುತ್ತಿಲ್ಲ. ಹಾಳೆಯಲ್ಲಿ ಐದನೆಯ ಸಾಲಿನ ಪಕ್ಕ ಒಂದು ಚುಕ್ಕೆ ಇಟ್ಟೆ.

ಚುಕ್ಕೆ ಸಿಕ್ಕಿದ ಮೇಲೆ ಕಾರಣ ತಿಳಿಯಲು ತಡವಾಗಲಿಲ್ಲ. ಕಾರಣ ನಾನೇ ಆಗಿದ್ದೆ! ಅದು ವಿಂಡೋಸ್ ಸರ್ವರ್ 2008 ಆರ್2 ಇದ್ದ ಹಳೆಯ ಯಂತ್ರ. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿತ್ತು. ಬೇಸಿಗೆಯಲ್ಲಿ ಬದಲಾಯಿಸುವ ಯೋಜನೆ ಬೀಗಮುದ್ರೆಯಿಂದ ನಿಂತಿತ್ತು. 2019ರ ಮೇ ತಿಂಗಳಲ್ಲಿ ಹಳೆಯ ವಿಂಡೋಸ್‌ಗಳ ಈ ರಿಮೋಟ್ ಡೆಸ್ಕ್‌ಟಾಪ್ ಬಾಗಿಲಿನಲ್ಲೇ ‘ಬ್ಲೂಕೀಪ್’ ಎಂಬ ಅಪಾಯಕಾರಿ ಬಿರುಕು ಪತ್ತೆಯಾಗಿ, ಬೆಂಬಲ ಎಂದೋ ನಿಂತಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಹೊರಡಿಸಬೇಕಾಗಿ ಬಂದಿತ್ತು. ಆಗ ನಾನು ತಿದ್ದುಪಡಿ ಹಾಕಿದ್ದಲ್ಲದೆ ಮುನ್ನೆಚ್ಚರಿಕೆಯಿಂದ ಒಂದು ನಿಯಮವನ್ನೂ ಬರೆದಿದ್ದೆ: ಯಂತ್ರವು ತಾನು ನಮ್ಮ ಕಚೇರಿಯ ಜಾಲದಲ್ಲಿದ್ದೇನೆಂದು ಗುರುತಿಸಿದಾಗ ಮಾತ್ರ ಬಾಗಿಲು ತೆರೆಯಬೇಕು, ಪರಸ್ಥಳದ ಜಾಲವೆನಿಸಿದರೆ ಯಾರಿಗೂ ತೆರೆಯಬಾರದು. ನಿಯಮ ಸರಿಯಾಗಿಯೇ ಇತ್ತು. ಆದರೆ ಇದು ಕಚೇರಿಯ ಜಾಲವೇ ಎಂದು ಹೇಳಬೇಕಾದುದು ಎರಡನೆಯ ಸರ್ವರ್. ಆ ಸಂಜೆ ವಿದ್ಯುತ್ ಬಂದಾಗ ಸಂಬಳದ ಸರ್ವರ್ ಮೊದಲು ಎದ್ದು ಸುತ್ತ ನೋಡಿತು. ಗುರುತು ಹೇಳುವವರು ಇನ್ನೂ ಎದ್ದಿರಲಿಲ್ಲ. ತನ್ನ ಮನೆಯನ್ನೇ ಪರಸ್ಥಳವೆಂದು ತಿಳಿದು ಅದು ಬಾಗಿಲು ಹಾಕಿಕೊಂಡು ಕುಳಿತಿತು. ನಾವು ಸ್ನೇಹಿತರೋ ಕಳ್ಳರೋ ಎಂದು ಅದಕ್ಕೆ ತಿಳಿಯುವ ಬಗೆಯೇ ಇರಲಿಲ್ಲ.

ಇದಕ್ಕೆ ಸುಲಭದ ಪರಿಹಾರವಿದೆ. ಜಾಲದ ತಂತಿಯನ್ನು ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿದರೆ ಯಂತ್ರ ಹೊಸದಾಗಿ ಸುತ್ತ ನೋಡುತ್ತದೆ. ಕರೆಂಟು ಕೀಳಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಆದರೆ ಕೈಯೊಂದು ಬೇಕು. ಆ ರಾತ್ರಿ ಕಾರ್ಖಾನೆಯಲ್ಲಿ ಇದ್ದವರು ಕಾವಲುಗಾರರೊಬ್ಬರೇ. ಬಾಗಲಕೋಟೆಯ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು.

“ಸರ, ನನಗ ಇಂಗ್ಲಿಷ್ ಬರಂಗಿಲ್ರೀ. ಆ ಕ್ವಾಣ್ಯಾಗ ನಾ ಎಂದೂ ಕಾಲ ಇಟ್ಟಿಲ್ಲ” ಎಂದರು.

“ಇಂಗ್ಲಿಷ್ ಬೇಡ ಅಣ್ಣಾ. ನಾನು ಹೇಳಿದ್ದನ್ನು ನೋಡಿ, ಕಂಡದ್ದನ್ನು ಹೇಳಿ, ಅಷ್ಟೇ ಸಾಕು” ಎಂದೆ.

ಹೇಳಿಬಿಟ್ಟೆನೇ ಹೊರತು ಹೇಗೆ ಹೇಳುವುದೆಂದು ಹೊಳೆಯಲಿಲ್ಲ. ನನ್ನ ವೃತ್ತಿಯ ಮಾತುಗಳೆಲ್ಲ ಇಂಗ್ಲಿಷಿನವು. ನನ್ನ ಮನೆಮಾತು ಅವರಿಗೆ ಅರ್ಧ ತಿಳಿಯದು, ಅವರದು ನನಗೆ ಪೂರ್ತಿ ತಿಳಿಯದು. ಇಬ್ಬರಿಗೂ ಸಮಾನವಾಗಿದ್ದುದು ಶಾಲೆಯ ಪುಸ್ತಕದ ಕನ್ನಡ ಒಂದೇ. ಅದನ್ನೇ ಹಿಡಿದು ನಿಧಾನವಾಗಿ ಹೇಳತೊಡಗಿದೆ. ಎರಡು ಕಪ್ಪು ಪೆಟ್ಟಿಗೆಗಳಿವೆ. ಹಿಂದಿನ ವರ್ಷದ ಆಯುಧಪೂಜೆಯ ಕುಂಕುಮದ ಬೊಟ್ಟು ಯಾವುದರ ಮೇಲಿದೆಯೋ ಅದು ನಮ್ಮದು. ಇನ್ನೊಂದು ದಸರೆಯಾದ ಮೇಲೆ ಬಂದ ಹೊಸ ಯಂತ್ರ, ಅದಕ್ಕೆ ಬೊಟ್ಟಿಲ್ಲ. ಅವರು ಮೊಬೈಲಿನ ಬೆಳಕು ಹಿಡಿದು, “ಸಿಕ್ತ್ರೀ. ಮುಂದ ಹಸರ ದೀಪ ಹತ್ತೈತಿ. ಹಿಂದ ವಯರ್ ಚುಚ್ಚಿದಲ್ಲಿ ಸಣ್ಣದೊಂದು ಮಿಣಕ್ ಮಿಣಕ್ ಅನ್ನಾಕತ್ತೈತಿ” ಎಂದರು. ಅಷ್ಟು ಸ್ಪಷ್ಟವಾದ ವರದಿಯನ್ನು ನಾನು ಇಂಜಿನಿಯರುಗಳಿಂದಲೂ ಅಪರೂಪಕ್ಕೆ ಕೇಳಿದ್ದೇನೆ.

ಆ ಮಿಣುಕುವ ದೀಪದ ತಂತಿಯ ತುದಿಯಲ್ಲಿ ನಾಲಿಗೆಯಂಥ ಒಂದು ಪಟ್ಟಿ ಇದೆ, ಅದನ್ನು ಬೆರಳಿನಿಂದ ಒತ್ತಿ ಹಿಡಿದು ಎಳೆಯಿರಿ, ಬೇರೆ ಏನನ್ನೂ ಮುಟ್ಟಬೇಡಿ, ಇಪ್ಪತ್ತರವರೆಗೆ ಎಣಿಸಿ ಮತ್ತೆ ಅದೇ ತೂತಿಗೆ ‘ಟಕ್’ ಎನ್ನುವಂತೆ ಚುಚ್ಚಿ ಎಂದೆ. ಅವರು ಗಟ್ಟಿಯಾಗಿ ಎಣಿಸಿದರು. ಒಂದು, ಎರಡು, ಮೂರು... ಬೆಳಿಗ್ಗೆ ಮಗ್ಗಿ ಹೇಳುತ್ತಿದ್ದ ನಮ್ಮ ತರಗತಿ ಕಿವಿಗೆ ಬಂದಿತು. ಇಪ್ಪತ್ತಾಯಿತು. ಫೋನಿನಲ್ಲಿ ‘ಟಕ್’ ಎಂಬ ಸದ್ದು ಕೇಳಿತು. ನನ್ನ ಪರದೆಯ ಮೇಲೆ ಅರೆ ನಿಮಿಷ ಮೌನವೇ ಸಾಲುಗಟ್ಟಿತ್ತು; ಆಮೇಲೆ ಒಂದು ಮರುದನಿ, ಹಿಂದೆಯೇ ಇನ್ನೊಂದು. ಬಾಗಿಲು ತೆರೆಯಿತು. ಹತ್ತು ಗಂಟೆ ನಲವತ್ತು ನಿಮಿಷ.

ಆತುರದಲ್ಲಿ ನಾವೇ ಬೀಗ ಹಾಕಿಸಿಕೊಂಡಿದ್ದ ಸಹೋದ್ಯೋಗಿಯ ಖಾತೆಯನ್ನು ಬಿಡಿಸಿದೆ. ಅವರು ರಾತ್ರಿ ಒಂದರವರೆಗೆ ಕುಳಿತು ಪಟ್ಟಿ ಮುಗಿಸಿದರು. ಮರುದಿನ ಸಂಬಳ ಹೋಯಿತು. ಆ ಎಂಬತ್ತು ಮನೆಗಳಿಗೆ ಈ ಸಂಗತಿಯೊಂದೂ ತಿಳಿಯದು; ತಿಳಿಯಬೇಕಾಗಿಯೂ ಇಲ್ಲ.

ಗಡಿ ಸಡಿಲವಾದ ಮೇಲೆ ಜೂನ್‌ನಲ್ಲಿ ಪಾಸು ಪಡೆದು ಕಚೇರಿಗೆ ಹೋದೆ. ನಮ್ಮ ಸೀಮೆಯ ಒಂದು ಬುಟ್ಟಿ ಮಾವಿನಹಣ್ಣನ್ನು ಆ ಹಿರಿಯರ ಕೈಯಲ್ಲಿಟ್ಟೆ. “ಸರ, ಆವತ್ತ ಆ ಪೆಟಗಿಗೆ ಏನಾಗಿತ್ರೀ?” ಎಂದು ಕೇಳಿದರು. ಬೇಗ ಎದ್ದು, ಗುರುತು ಹೇಳುವವರಿಲ್ಲದೆ, ತನ್ನ ಮನೆಯನ್ನೇ ಬೇರೆಯವರ ಬೀದಿ ಎಂದುಕೊಂಡಿತ್ತು ಎಂದು ವಿವರಿಸಿದೆ. ಅವರು ತಲೆಯಾಡಿಸಿ, “ಹೌದ್ರೀ, ಕತ್ತಲಾಗ ಎದ್ದ್ರ ಮನಷ್ಯಾಗೂ ದಿಕ್ಕ ತಪ್ಪತೈತಿ” ಎಂದರು. ಅಂದೇ ನಾನು ಜಾಲ ಗುರುತಿಸುವ ಆ ಕೆಲಸವು ಯಂತ್ರ ಎದ್ದ ಸ್ವಲ್ಪ ಹೊತ್ತಿನ ಮೇಲೆ ಆರಂಭವಾಗುವಂತೆ ಬದಲಾಯಿಸಿದೆ. ಸರ್ವರ್ ಕೋಣೆಯ ಗೋಡೆಗೆ, ಮೊದಲು ಏನು ನೋಡಬೇಕು, ಆಮೇಲೆ ಏನು, ಯಾವುದನ್ನು ಮುಟ್ಟಬಾರದು ಎಂದು ಕನ್ನಡದಲ್ಲಿ ಬರೆದ ಹಾಳೆಯೊಂದನ್ನು ಅಂಟಿಸಿದೆ.

ನಮ್ಮೂರಿನ ಹುಡುಗ ಹುಡುಗಿಯರು ಅನೇಕರು ಮನೆಯಿಂದಲೇ ಹೀಗೆ ಕೆಲಸ ಮಾಡುವವರಿರುವುದರಿಂದ ಎರಡು ಮಾತು ಸೇರಿಸುತ್ತೇನೆ. ಸಂಪರ್ಕ ತಪ್ಪಿದಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲ ನೋಡಿ, ಮುಂದೆ ಹೋಗಿ. ತಪ್ಪು ಯಾವಾಗಲೂ ಒಂದೇ ಸಾಲಿನಲ್ಲಿ ಇರುವುದಿಲ್ಲ. 2018ರ ಮೇ ತಿಂಗಳಲ್ಲಿ ಒಂದು ಭದ್ರತಾ ತಿದ್ದುಪಡಿ ಈಚೆಯ ಗಣಕಕ್ಕೆ ಬಂದು ಆಚೆಯ ಸರ್ವರ್‌ಗೆ ಹಾಕದಿದ್ದ ಕಚೇರಿಗಳಲ್ಲಿ ಗುರುತಿನ ಸಾಲಿನಲ್ಲೇ ಎಲ್ಲ ನಿಂತುಹೋಗಿತ್ತು. ಎರಡು ಯಂತ್ರಗಳ ಗಡಿಯಾರಗಳಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಅಂತರವಾದರೂ ಪ್ರವೇಶ ತಪ್ಪಬಹುದು. ವಿಶೇಷ ಪರವಾನಗಿಯಿಲ್ಲದ ಸರ್ವರ್ ಒಮ್ಮೆಗೆ ಇಬ್ಬರು ಮೇಲ್ವಿಚಾರಕರನ್ನಷ್ಟೇ ಒಳಗೆ ಬಿಡುತ್ತದೆ. ಕೆಲಸ ಮುಗಿದವರು ಕಿಟಕಿ ಮುಚ್ಚಿ ಎದ್ದುಹೋಗದೆ ಸರಿಯಾಗಿ ಹೊರಬರಬೇಕು. 3389ನೆಯ ಬಾಗಿಲನ್ನು ನೇರವಾಗಿ ಬಯಲಿಗೆ ತೆರೆದಿಡಬಾರದು. ವಿಪಿಎನ್‌ನ ಹಿಂದೆಯೇ ಇರಲಿ. ಮನೆಯ ಹಿರಿಯರಿಗೂ ಒಂದು ವಿಜ್ಞಾಪನೆ: ಬ್ಯಾಂಕಿನಿಂದ ಎಂದು ಹೇಳಿಕೊಂಡು ಯಾರಾದರೂ ನಿಮ್ಮ ಫೋನಿನ ಪರದೆಯನ್ನು ದೂರದಿಂದ ನೋಡುವ ಆಪ್ ಹಾಕಿಕೊಳ್ಳಲು ಹೇಳಿದರೆ ಕೂಡಲೇ ಫೋನ್ ಇಡಿ. ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲೇ ಈ ಮೋಸದ ಬಗ್ಗೆ ಎಚ್ಚರಿಸಿತ್ತು. ಸಂಬಳ ಕಳುಹಿಸಿದ ದಾರಿಯಲ್ಲೇ ಕಳ್ಳನೂ ಬರಬಲ್ಲ.

ಕನ್ನಡ ಕಲಿತು ಏನು ಪ್ರಯೋಜನ ಎಂಬ ಪ್ರಶ್ನೆಗೆ ನನ್ನ ಬಳಿ ದೊಡ್ಡ ಉತ್ತರವಿಲ್ಲ. ತಮಿಳು ನನಗೆ ಅನ್ನ ಕೊಟ್ಟ ನೆಲದ ಮಾತು, ಇಂಗ್ಲಿಷ್ ನನ್ನ ವೃತ್ತಿಯ ಮಾತು. ಎರಡರ ಋಣವೂ ನನ್ನ ಮೇಲಿದೆ. ಆದರೆ ಆ ರಾತ್ರಿ ಗಡಿಯ ಈಚೆ ನಾನು, ಆಚೆ ಬಾಗಲಕೋಟೆಯ ಹಿರಿಯರು, ನಡುವೆ ಒಂದು ಫೋನು. ಸಾಲು ಸಾಲಾಗಿ ಯೋಚಿಸುವ ಕ್ರಮವನ್ನೂ, ಆ ಯೋಚನೆಯನ್ನು ಮತ್ತೊಬ್ಬರಿಗೆ ತಿಳಿಯುವಂತೆ ಹೇಳುವ ಮಾತನ್ನೂ ಕೊಟ್ಟದ್ದು ಈ ಶಾಲೆ. ನಮ್ಮ ತಂದೆಯವರು ಇದ್ದಿದ್ದರೆ ಅವರಿಗೆ ಇಷ್ಟನ್ನೇ ಹೇಳುತ್ತಿದ್ದೆ.

ಆ ಹಾಳೆ ಇಂದಿಗೂ ನನ್ನ ಬಳಿ ಇದೆ. ಮಗಳ ಕೆಂಪು ಪೆನ್ಸಿಲಿನಿಂದಲೇ ಚುಕ್ಕೆ ಇಟ್ಟಿದ್ದೆನೆಂದು ಬಹಳ ದಿನಗಳ ಮೇಲೆ ಗಮನಿಸಿದೆ. ನಮ್ಮ ಮೇಷ್ಟ್ರಿಗೆ, ಈ ಶಾಲೆಯನ್ನು ಐವತ್ತು ವರ್ಷ ಕಾಪಾಡಿಕೊಂಡು ಬಂದ ಗುರುವೃಂದಕ್ಕೆ, ಊರಿನ ಹಿರಿಯರಿಗೆ ನನ್ನ ವಿನಮ್ರ ಪ್ರಣಾಮಗಳು. ಶಾಲೆಯು ಶತಮಾನೋತ್ಸವವನ್ನು ಕಾಣಲಿ. ಅಂದು ಅದರ ಸಂಚಿಕೆಗೆ ಬರೆಯುವ ಮಕ್ಕಳು ಇಂದು ಒಂದನೆಯ ತರಗತಿಯಲ್ಲಿ ಕನ್ನಡದ ಮಗ್ಗಿ ಹೇಳುತ್ತಿರಲಿ ಎಂದು ಹಾರೈಸುತ್ತೇನೆ.